ಮನೆ ಬದಲಾಗಿಲ್ಲ ಅಮ್ಮ

ಬ್ರೂಕ್ಲಿನ್
ಭಾನುವಾರ

ಅಮ್ಮನಿಗೆ ನಮಸ್ಕಾರ. ನಾನು ಕ್ಷೇಮ. ಅಪ್ಪ, ಅಜ್ಜಿ, ಪುಟ್ಟಿ ಎಲ್ಲರೂ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ.

ಏರಿಯಾ ಹೆಸರು ಬೇರೆ ಹೇಳಿದೆ ಅಂತ, ಮನೆ ಬದಲಾಯಿಸಿದೆಯಾ, ಕೆಲಸ ಹೋಯಿತಾ ಅಂತೆಲ್ಲ ಕೇಳಿದ್ದ ನಿನ್ನ ಕಾಗದ ಓದಿ ಮೊದಲು ನಗು ಬಂತು, ಆಮೇಲೆ ಪಾಪ ಅನ್ನಿಸಿತು. ನಾನು ಮನೆ ಬದಲಾಯಿಸಿಲ್ಲ. ಕೆಲಸವೂ ಹೋಗಿಲ್ಲ. ಹೋದ ವರ್ಷ ಪ್ರಾಸ್ಪೆಕ್ಟ್ ಹೈಟ್ಸ್ ಅಂದಿದ್ದೆ, ಮೊನ್ನೆ ಫೋನಿನಲ್ಲಿ ಬಾಯಿಗೆ ಕ್ರೌನ್ ಹೈಟ್ಸ್ ಅಂತ ಬಂತು, ಅಷ್ಟೇ. ಅದೇ ಮನೆ, ಅದೇ ಮೂರನೇ ಮಹಡಿ, ಅದೇ ಕೆಟ್ಟ ಕಾಲಿಂಗ್ ಬೆಲ್.

ಸುಬ್ಬು ಮಾವನಿಗೂ ಓದಿ ಹೇಳು. ನಾನಿರುವುದು ಕ್ಲಾಸನ್ ಅವೆನ್ಯೂ ಪಕ್ಕದಲ್ಲಿ. ಅದರ ಒಂದು ಕಡೆ ವಾಷಿಂಗ್ಟನ್ ಅವೆನ್ಯೂ, ಇನ್ನೊಂದು ಕಡೆ ಫ್ರಾಂಕ್ಲಿನ್ ಅವೆನ್ಯೂ. ಮನೆ ತೋರಿಸಿದ ಬ್ರೋಕರ್, ಪ್ರಾಸ್ಪೆಕ್ಟ್ ಹೈಟ್ಸ್ ಫ್ರಾಂಕ್ಲಿನ್ ತನಕ ಇದೆ ಅಂದ. ನಾನೂ ನಂಬಿ ನಿಮಗೆ ಹಾಗೇ ಹೇಳಿದೆ. ಕೆಳಗಿನ ಮನೆಯ ಅಜ್ಜಿ ಒಪ್ಪಬೇಕಲ್ಲ! ಅವರು ಬಾರ್ಬಡೋಸ್ ಕಡೆಯವರು, ಇದೇ ಕಟ್ಟಡದಲ್ಲಿ ನಲವತ್ತು ವರ್ಷದಿಂದ ಇದ್ದಾರೆ. ಒಂದು ದಿನ ಮೆಟ್ಟಿಲ ಮೇಲೆ ನಿಂತು ಊರುಗೋಲನ್ನು ವಾಷಿಂಗ್ಟನ್ ಕಡೆಗೆ ಚಾಚಿ, "ಗಡಿ ಅಲ್ಲಿ. ಈ ಕಡೆಯದೆಲ್ಲ ಕ್ರೌನ್ ಹೈಟ್ಸ್. ನೀನು ಇರುವುದು ಕ್ರೌನ್ ಹೈಟ್ಸ್‌ನಲ್ಲಿ, ಬಾಡಿಗೆ ಕೊಡುತ್ತಿರುವುದು ಪ್ರಾಸ್ಪೆಕ್ಟ್ ಹೈಟ್ಸ್‌ನ ದುಬಾರಿ ರೇಟಿನಲ್ಲಿ" ಅಂದರು. (ಬಾಡಿಗೆ ವಿಷಯ ಕೊನೆಯಲ್ಲಿ ಬರೆಯುತ್ತೇನೆ, ಗಾಬರಿಯಾಗಬೇಡ.)

ಹೊಲದ ಬದು ಆಗಿದ್ದರೆ ಸರ್ವೆಯವರನ್ನು ಕರೆಸಿ ಕಲ್ಲು ನೆಡಿಸಬಹುದಿತ್ತು. ಇಲ್ಲಿ ಅದೂ ಇಲ್ಲ. ಇಷ್ಟು ದೊಡ್ಡ ನ್ಯೂಯಾರ್ಕ್, ಆದರೆ ಯಾವ ಏರಿಯಾ ಎಲ್ಲಿ ಮುಗಿಯುತ್ತದೆ ಅನ್ನೋದಕ್ಕೆ ಸರ್ಕಾರಿ ಗೆರೆಯೇ ಇಲ್ಲ! ಆಡಳಿತಕ್ಕೆ ಅಂತ 59 ಕಮ್ಯುನಿಟಿ ಡಿಸ್ಟ್ರಿಕ್ಟ್ ಮಾಡಿಕೊಂಡಿದ್ದಾರೆ. ಅದರಲ್ಲಿ ಪ್ರಾಸ್ಪೆಕ್ಟ್ ಹೈಟ್ಸೂ ಕ್ರೌನ್ ಹೈಟ್ಸಿನ ಉತ್ತರ ಭಾಗವೂ ಒಂದೇ, 8ನೇ ನಂಬರು. ಈಸ್ಟರ್ನ್ ಪಾರ್ಕ್‌ವೇ ಅನ್ನೋ ದೊಡ್ಡ ರಸ್ತೆ ದಾಟಿದರೆ ಅದೇ ಕ್ರೌನ್ ಹೈಟ್ಸ್ 9ನೇ ನಂಬರಿಗೆ ಸೇರುತ್ತದೆ. ಕಾಗದದ ಮೇಲೆ ಬ್ರೂಕ್ಲಿನ್ ಅಂತ ಬರೆದು ಪಿನ್ ಹಾಕಿದರೆ ಸಾಕು, ಬಂದು ಸೇರುತ್ತದೆ. ನೀನು ಯಾವ ಹೈಟ್ಸೂ ಬರೆಯಬೇಡ.

ಬ್ರೋಕರುಗಳು ಎರಡನ್ನೂ ಸೇರಿಸಿ 'ಪ್ರೋಕ್ರೋ' ಅಂತ ಒಂದು ಹೆಸರು ಹುಟ್ಟಿಸಿದ್ದರಂತೆ. ಕೇಳಿದರೆ ಕೆಮ್ಮಿನ ಔಷಧಿ ಇದ್ದ ಹಾಗಿದೆ, ಅಲ್ವಾ? ಜನ ಸುಮ್ನೆ ಬಿಡಲಿಲ್ಲ. ಆಗ ಇಲ್ಲಿಯ ಶಾಸಕರಾಗಿದ್ದ ಹಕೀಮ್ ಜೆಫ್ರೀಸ್ 2011ರಲ್ಲಿ, ಹೀಗೆ ಏರಿಯಾಗೆ ಹೊಸ ಹೆಸರಿಟ್ಟು ಮನೆ ಮಾರುವ ಬ್ರೋಕರುಗಳನ್ನು ಶಿಕ್ಷಿಸಬೇಕು ಅಂತ ಮಸೂದೆಯನ್ನೇ ತಂದರು. ಅದು ಕಾನೂನಾಗಲಿಲ್ಲ, ಆದರೂ ಒಂದು ಹೆಸರಿಗಾಗಿ ಅಷ್ಟು ದೂರ ಹೋದರಲ್ಲ! ಅಜ್ಜಿಯ ಮುಂದೆ ಪ್ರೋಕ್ರೋ ಅಂದರೆ ಇವತ್ತಿಗೂ ಬಾಗಿಲು ಹಾಕಿಕೊಳ್ಳುತ್ತಾರೆ. ಕ್ರೌನ್ ಹೈಟ್ಸ್ ಏನು ಹುಟ್ಟಿದಾಗಿನಿಂದ ಇದ್ದ ಹೆಸರಾ? ಮೊದಲು ಈ ಕಡೆಗೆ ಕ್ರೋ ಹಿಲ್ ಅನ್ನುತ್ತಿದ್ದರು, ಕಾಗೆ ಗುಡ್ಡ. ಇದನ್ನು ನಾನು ಅಜ್ಜಿಗೆ ಹೇಳಿಲ್ಲ.

ಕ್ರೌನ್ ಹೈಟ್ಸ್‌ನಲ್ಲಿ ಕಪ್ಪು ಜನಾಂಗದವರಿಗೂ ಯಹೂದಿಗಳಿಗೂ ಗಲಾಟೆ ಆಗಿತ್ತು ಅಂತ ಮಾವನ ಸ್ನೇಹಿತರು ಹೇಳಿದ್ದು ಸುಳ್ಳಲ್ಲ. ಅದು 1991ರ ಆಗಸ್ಟಿನಲ್ಲಿ ಆಗಿದ್ದು. ಆಗ ನಾನು ಹುಟ್ಟೇ ಇರಲಿಲ್ಲ ಅಮ್ಮ. ಬ್ರೋಕರುಗಳು ಕ್ರೌನ್ ಹೈಟ್ಸ್ ಅನ್ನೋಕೆ ಹಿಂಜರಿಯುತ್ತಿದ್ದುದಕ್ಕೆ ಆ ಹಳೇ ಕೆಟ್ಟ ಹೆಸರೂ ಒಂದು ಕಾರಣ. ಈಗ ಫ್ರಾಂಕ್ಲಿನ್ ಮೇಲೆ ರಾತ್ರಿ ಹನ್ನೊಂದಕ್ಕೂ ಜನ ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಓಡಾಡುತ್ತಾರೆ. ನಾನು ಅಷ್ಟು ಹೊತ್ತಿಗೆ ಹೊರಗೆ ಇರುವುದಿಲ್ಲ. ಇದ್ದರೂ ಒಬ್ಬಳೇ ಇರುವುದಿಲ್ಲ. ಇಲ್ಲಿ ಎರಡೇ ಬೋಗಿಯ ಪುಟಾಣಿ ರೈಲಿದೆ, ಒಟ್ಟು ನಾಲ್ಕೇ ಸ್ಟೇಷನ್. ಪುಟ್ಟಿಗೆ ಹೇಳು, ಆಟದ ರೈಲಿನ ಹಾಗಿದೆ.

ನಿಜ ಹೇಳಬೇಕೆಂದರೆ ನಾನೂ ಎರಡು ನಾಲಿಗೆಯವಳೇ. ಆಫೀಸಿನಲ್ಲಿ ಯಾರಾದರೂ ಕೇಳಿದರೆ ಪ್ರಾಸ್ಪೆಕ್ಟ್ ಹೈಟ್ಸ್ ಅನ್ನುತ್ತೇನೆ, ಮನೆಗೆ ಬಂದ ಮೇಲೆ ಕ್ರೌನ್ ಹೈಟ್ಸ್. ಅಜ್ಜಿಗೆ ಗೊತ್ತಾದರೆ ಕಥೆ ಮುಗಿಯಿತು.

ಬಾಡಿಗೆ ಈ ಸಲ ಸ್ವಲ್ಪ ಜಾಸ್ತಿ ಮಾಡಿದ್ದಾರೆ. ಸ್ವಲ್ಪವೇ. ಅಪ್ಪನಿಗೆ ಹೇಳಬೇಡ. ಪ್ರತಿ ತಿಂಗಳು ಕಳಿಸುವ ದುಡ್ಡಿಗೆ ಏನೂ ತೊಂದರೆ ಇಲ್ಲ, ಖಂಡಿತ ಇಲ್ಲ. ಕಷ್ಟ ಅನ್ನಿಸಿದರೆ ಫ್ರಾಂಕ್ಲಿನ್ ದಾಟಿ, ನಾಸ್ಟ್ರಾಂಡ್ ಕಡೆಗೆ ಹೋಗುತ್ತೇನೆ. ಅದು ಯಾರನ್ನು ಕೇಳಿದರೂ ಕ್ರೌನ್ ಹೈಟ್ಸೇ, ಬ್ರೋಕರ್ ಕೂಡ ಹಾಗೇ ಅನ್ನುತ್ತಾನೆ. ಆಗ ನಿನಗೂ ಗೊಂದಲ ಇರುವುದಿಲ್ಲ. ಆದರೆ ಹೋಗುವ ಪ್ರಸಂಗ ಬರುವುದಿಲ್ಲ. ಸುಮ್ನೆ ಹೇಳಿದೆ.

ಊಟ ಸರಿಯಾಗಿ ಮಾಡುತ್ತಿದ್ದೇನೆ, ಸ್ವೆಟರ್ ಹಾಕಿಕೊಳ್ಳುತ್ತಿದ್ದೇನೆ. ಕೆಳಗೆ ಅಜ್ಜಿ ಕೂಗುತ್ತಿದ್ದಾರೆ, ಅವರ ಸಾಮಾನಿನ ಚೀಲ ಮೇಲೆ ತರಬೇಕು. ಉಳಿದದ್ದು ಫೋನಿನಲ್ಲಿ.

ನಿನ್ನ ಮಗಳು