ಟ್ರಂಕಿನ ಸೀರೆಗಳನ್ನು ಪಾತ್ರೆಯವರಿಗೆ ಕೊಡಬೇಡ ಅವ್ವ

ಲೀಡ್ಸ್, ಇಂಗ್ಲೆಂಡ್

ಪ್ರೀತಿಯ ಅವ್ವನಿಗೆ ನಮಸ್ಕಾರ.

ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ಅಪ್ಪಾಜಿಯ ಮೊಣಕಾಲು ನೋವು ಈಗ ಹೇಗಿದೆ? ಇಲ್ಲಿ ಚಳಿ ಶುರುವಾಗಿದೆ, ಸಂಜೆ ನಾಲ್ಕಕ್ಕೇ ಕತ್ತಲು. ಚಿನ್ನಿಗೆ ಶಾಲೆ ಹಿಡಿಸಿದೆ.

ಮೊನ್ನೆ ಫೋನಿನಲ್ಲಿ ನೀನು ಬೇಜಾರು ಮಾಡಿಕೊಂಡೆ. "ಇಬ್ಬರೂ ದುಡಿಯುತ್ತೀರಿ, ಮಗುವಿಗೆ ಯಾರೋ ಹಾಕಿ ಬಿಟ್ಟ ಬಟ್ಟೆ ಯಾಕೆ ತರ್ತೀ" ಅಂದೆ, ಮೈಲಿಗೆ ಅಂತಲೂ ಅಂದೆ. ಆಗ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ, ಪಕ್ಕದಲ್ಲಿ ಚಿನ್ನಿ ಕಿರುಚುತ್ತಿದ್ದಳು. ಇದು ಫೋನಿನಲ್ಲಿ ಹೇಳಿ ಮುಗಿಯುವ ಮಾತೂ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ದುಡ್ಡಿಲ್ಲ ಅಂತ ತರುತ್ತಿಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ. ಇಲ್ಲಿ ಪ್ರತಿ ಪೇಟೆಯಲ್ಲೂ ಚಾರಿಟಿ ಶಾಪ್ ಇರುತ್ತವೆ. ಜನ ತಮಗೆ ಬೇಡವಾದ ಬಟ್ಟೆ, ಪುಸ್ತಕ, ಪಾತ್ರೆ ಎಲ್ಲ ಅಲ್ಲಿ ತಂದು ಕೊಡುತ್ತಾರೆ. ಅದನ್ನು ಮಾರಿ ಬಂದ ದುಡ್ಡು ಕ್ಯಾನ್ಸರ್ ಸಂಶೋಧನೆಗೋ, ವಯಸ್ಸಾದವರ ಆರೈಕೆಗೋ, ಬರ ಬಿದ್ದ ದೇಶಕ್ಕೋ ಹೋಗುತ್ತದೆ. ಕೌಂಟರಿನಲ್ಲಿ ನಿಂತಿರುವವರಲ್ಲಿ ಸಂಬಳ ತೆಗೆದುಕೊಳ್ಳದೆ ದುಡಿಯುವವರೇ ಜಾಸ್ತಿ, ಅದರಲ್ಲೂ ರಿಟೈರ್ ಆದವರು. ಆಕ್ಸ್‌ಫರ್ಡ್ ಊರಿನ ಬ್ರಾಡ್ ಸ್ಟ್ರೀಟಿನಲ್ಲಿ ಆಕ್ಸ್‌ಫ್ಯಾಮ್ ಸಂಸ್ಥೆ 1940ರ ದಶಕದ ಕೊನೆಗೆ ತೆರೆದ ಅಂಗಡಿ ಈಗಲೂ ನಡೆಯುತ್ತಿದೆ. ಲಾಯರು, ಡಾಕ್ಟರು, ಕಾಲೇಜು ಹುಡುಗರು, ಎಲ್ಲರೂ ಇಂಥ ಅಂಗಡಿಗೆ ಬರುತ್ತಾರೆ, ಯಾರಿಗೂ ಅದರಲ್ಲಿ ನಾಚಿಕೆ ಇಲ್ಲ. ಇನ್ನು ನಿನ್ನ ಮಡಿ-ಮೈಲಿಗೆ ಮಾತು. ತಂದ ಬಟ್ಟೆ ಒಗೆಯದೆ ಕಪಾಟಿಗೆ ಹೋಗುವುದಿಲ್ಲ ಅವ್ವ. ಬಿಸಿನೀರು ತಡೆಯುವುದನ್ನು ಬಿಸಿನೀರಿನಲ್ಲಿ, ತಡೆಯದ್ದನ್ನು ಕೈಯಲ್ಲಿ ಒಗೆದು, ಒಣಗಿಸಿ, ಇಸ್ತ್ರಿ ಹೊಡೆದ ಮೇಲೆಯೇ ಕತ್ತರಿ ಹಿಡಿಯುವುದು. ಹೊಸ ಅಂಗಡಿಯ ಟ್ರಯಲ್ ರೂಮಿನಲ್ಲಿ ಎಷ್ಟು ಜನ ಹಾಕಿ ಬಿಚ್ಚಿಟ್ಟ ಬಟ್ಟೆಯನ್ನು ನಾವು ಒಗೆಯದೆ ಹಾಕಿಕೊಂಡಿದ್ದೇವೆ, ಅಲ್ವಾ?

ಆ ಅಂಗಡಿಗಳಲ್ಲಿ ನಾನು ನೋಡುವುದು ಬಟ್ಟೆಯ ಮುಖವನ್ನಲ್ಲ. ಒಳಗೆ ತಿರುವಿ ನೋಡುತ್ತೇನೆ, ನೀನು ಬ್ಲೌಸ್ ತಿರುವಿ ನೋಡುವ ಹಾಗೇ. ಹೊಲಿಗೆ ಪಕ್ಕ ಎಷ್ಟು ಮಾರ್ಜಿನ್ ಬಿಟ್ಟಿದ್ದಾರೆ, ದಾರ ಗಟ್ಟಿ ಇದೆಯಾ, ಕಂಕುಳಲ್ಲಿ ಬಟ್ಟೆ ಸವೆದಿದೆಯಾ. ಆಮೇಲೆ ಬೆಳಕಿಗೆ ಹಿಡಿಯುತ್ತೇನೆ, ತೊಡೆ ಮತ್ತು ಮೊಣಕೈ ಭಾಗ ತೆಳುವಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಈಗಿನ ಅಗ್ಗದ ಅಂಗಡಿ ಬಟ್ಟೆಯಲ್ಲಿ ಅಂಚಿಗೆ ಎಳೆ ಬಿಚ್ಚದ ಹಾಗೆ ಓವರ್‌ಲಾಕ್ ಹೊಲಿಗೆ ಹೊಡೆದು ಕಾಲಿಂಚು ಕೂಡ ಬಿಟ್ಟಿರುವುದಿಲ್ಲ, ಅದನ್ನು ದೊಡ್ಡದು ಮಾಡುವ ಮಾತೇ ಇಲ್ಲ. ಹಳೆಯ ಕಾಲದ ಅಳತೆ ಕೊಟ್ಟು ಹೊಲಿಸಿದ ಪ್ಯಾಂಟಿನಲ್ಲಾದರೆ ಹಿಂದಿನ ಹೊಲಿಗೆಯಲ್ಲಿ ಸೊಂಟ ಸಡಿಲ ಮಾಡುವಷ್ಟು ಬಟ್ಟೆ ಮಡಚಿ ಇಟ್ಟಿರುತ್ತಾರೆ. ಯಾವ ಬಟ್ಟೆ ಅಂತ ಅನುಮಾನ ಬಂದರೆ ಮನೆಗೆ ತಂದ ಮೇಲೆ ಒಳಗಿನಿಂದ ಒಂದೆರಡು ಎಳೆ ಕಿತ್ತು ಸುಡುತ್ತೇನೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೂದಿ ಪುಡಿಯಾಗುತ್ತದೆ. ಉಣ್ಣೆ, ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಕರಿ ಗುಂಡು ಉಳಿಯುತ್ತದೆ.

ಚಿನ್ನಿಯ ನೀಲಿ ಗೆರೆಯ ಫ್ರಾಕ್ ಫೋಟೋದಲ್ಲಿ ನೋಡಿ ಚೆಂದ ಇದೆ ಅಂದಿದ್ದೆಯಲ್ಲ, ಅದು ಒಬ್ಬ ದಪ್ಪ ಗಂಡಸಿನ ಅಂಗಿ! ಒಳ್ಳೆ ಹತ್ತಿ, ಕಾಲರ್ ಮಾತ್ರ ಸವೆದಿತ್ತು. ಹೇಗೆ ಮಾಡಿದೆ ಅಂದರೆ, ಅಂಗಿಯ ಬೆನ್ನನ್ನು ಮಡಚಿ ಅದರ ಮೇಲೆ ಫ್ರಾಕಿನ ಮುಂಭಾಗದ ಕಾಗದ ಇಟ್ಟೆ. ಅಂಗಿಯ ಮುಂಭಾಗದ ಗುಂಡಿ ಪಟ್ಟಿ ಫ್ರಾಕಿನ ಬೆನ್ನಿಗೆ ಬಂತು. ಹಾಗಾಗಿ ಕಾಜಾ ಮಾಡುವ ಕೆಲಸ ಇಲ್ಲ, ಗುಂಡಿ ಹಚ್ಚುವ ಕೆಲಸ ಇಲ್ಲ, ಕೆಳಗಿನ ಅಂಚನ್ನೂ ಹಾಗೇ ಉಳಿಸಿಕೊಂಡೆ. ತೋಳಿನಿಂದ ಪುಟ್ಟ ಪಫ್ ತೋಳು ಬಂತು. ಎದೆ ಮೇಲಿನ ಕಿಸೆಯನ್ನು ಬಿಚ್ಚಿ ಅವಳ ಕೈಗೆ ಎಟುಕುವ ಹಾಗೆ ಸೊಂಟದ ಪಕ್ಕ ಹಚ್ಚಿದೆ. ಅದರಲ್ಲಿ ಅವಳು ದಿನಾ ಕಲ್ಲು ತುಂಬಿಕೊಂಡು ಬರುತ್ತಾಳೆ.

ಕುತ್ತಿಗೆಗೆ ಹಚ್ಚಿದ ಕ್ರಾಸ್ ಪಟ್ಟಿ ಬಗ್ಗೆ ನೀನು ಕೇಳಲೇಬೇಕು. ಅದು ನೆಕ್‌ಟೈ! ಟೈಯನ್ನು ಬಟ್ಟೆಯ ಓರೆಯಲ್ಲೇ ಕತ್ತರಿಸಿರುತ್ತಾರೆ, ಅದಕ್ಕೇ ಅದು ಗಂಟು ಹಾಕಿದರೂ ಮತ್ತೆ ಸರಿಯಾಗುತ್ತದೆ. ಒಳ್ಳೆ ಟೈ ಆದರೆ ಹಿಂದುಗಡೆ ಉದ್ದಕ್ಕೂ ಒಂದೇ ದಾರದ ಕೈಹೊಲಿಗೆ ಇರುತ್ತದೆ. ತುದಿಯ ಗಂಟು ಕತ್ತರಿಸಿ ದಾರ ಎಳೆದರೆ ಟೈ ಪೂರ್ತಿ ಬಿಚ್ಚಿಕೊಳ್ಳುತ್ತದೆ, ಒಳಗಿನ ದಪ್ಪ ಪಟ್ಟಿ ಬೇರೆ, ರೇಷ್ಮೆ ಬೇರೆ. ರೇಷ್ಮೆಯನ್ನು ತಣ್ಣೀರಿನಲ್ಲಿ ಕೈಯಿಂದ ಒಗೆದು, ಬಣ್ಣ ಬಿಡುತ್ತದೋ ನೋಡಿ, ನೆರಳಲ್ಲಿ ಒಣಗಿಸಿ ಇಸ್ತ್ರಿ ಮಾಡಿದರೆ ಅಪ್ಪಟ ರೇಷ್ಮೆ ಕ್ರಾಸ್ ಪೀಸ್ ಕೈಯಲ್ಲಿ. ಮೀಟರ್ ಬಟ್ಟೆ ತಂದು ಓರೆ ಕತ್ತರಿಸಿದರೆ ಎಷ್ಟು ಹಾಳಾಗುತ್ತದೆ ಅಂತ ನಿನಗೆ ಗೊತ್ತು.

ಉಣ್ಣೆ ಸ್ವೆಟರ್ ವಿಷಯ ನಿನಗೆ ಹೊಸದು ಅನ್ನಿಸಬಹುದು. ಶೇಕಡ 100 ಉಣ್ಣೆ ಅಂತ ಲೇಬಲ್ ಇರುವ ಸ್ವೆಟರ್ ಎಲ್ಲೋ ಒಂದು ಕಡೆ ನುಸಿ ತಿಂದಿದ್ದರೆ ತುಂಬಾ ಕಡಿಮೆಗೆ ಸಿಗುತ್ತದೆ. ಅದನ್ನು ಬೇಕಂತಲೇ 60 ಡಿಗ್ರಿ ಬಿಸಿನೀರಿಗೆ ಮಷಿನ್ನಿನಲ್ಲಿ ಹಾಕುತ್ತೇನೆ. ಹೊರಗೆ ಬರುವಾಗ ಅರ್ಧದಷ್ಟಾಗಿ, ದಪ್ಪಗೆ ಕಂಬಳಿಯಾಗಿ ಬಂದಿರುತ್ತದೆ. ಉಣ್ಣೆಯ ಎಳೆಗಳ ಮೇಲೆ ಸಣ್ಣ ಪೊರೆಗಳಿರುತ್ತವೆ, ಬಿಸಿ, ಸೋಪು, ತಿಕ್ಕಾಟ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಿಡುವುದೇ ಇಲ್ಲ. ಆಮೇಲೆ ಕತ್ತರಿಸಿದರೂ ಒಂದು ಎಳೆ ಬಿಚ್ಚುವುದಿಲ್ಲ, ಅಂಚು ಮಡಚುವ ಕೆಲಸವೇ ಇಲ್ಲ. ಸೂಪರ್‌ವಾಶ್ ಅಂತ ಬರೆದಿದ್ದರೆ ಮಾತ್ರ ಆಗುವುದಿಲ್ಲ, ಅಂಥ ಉಣ್ಣೆಯ ಪೊರೆಯನ್ನು ಕಾರ್ಖಾನೆಯಲ್ಲೇ ಅಡಗಿಸಿರುತ್ತಾರೆ. ಒಂದು ದೊಡ್ಡ ಸ್ವೆಟರಿನಲ್ಲಿ ಬಿಸಿನೀರಿನ ಚೀಲಕ್ಕೆ ಕವರ್, ಚಿನ್ನಿಗೆ ಕೈಗವಸು, ಇವರ ಬೂಟಿಗೆ ಒಳಪಟ್ಟಿ ಎಲ್ಲ ಬಂತು. ಜೀನ್ಸ್ ಪ್ಯಾಂಟಿನಿಂದ ಚೀಲ ಹೊಲಿಯುತ್ತೇನೆ, ಅದನ್ನು ನೀನೂ ಮಾಡಿದ್ದೀಯ. 16 ನಂಬರ್ ಸೂಜಿ ಹಾಕಿ, ದಪ್ಪ ಹೊಲಿಗೆ ಸೇರುವ ಜಾಗವನ್ನು ಮೊದಲು ಸುತ್ತಿಗೆಯಿಂದ ಬಡಿದು ತೆಳು ಮಾಡಿ, ಅಲ್ಲಿ ಮೋಟರ್ ಬಿಟ್ಟು ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಸೂಜಿ ಮುರಿಯುವುದಿಲ್ಲ.

ಈ ಊರೇ ಬಟ್ಟೆಯ ಊರು ಅವ್ವ. ಮಾಂಟಗ್ಯೂ ಬರ್ಟನ್ ಎಂಬವರ ಸೂಟಿನ ಕಾರ್ಖಾನೆ ಇಲ್ಲೇ ಹಡ್ಸನ್ ರೋಡಿನಲ್ಲಿತ್ತು, ಅದು ಜೋರಾಗಿದ್ದಾಗ 10,000 ಜನ ಒಂದೇ ಕಡೆ ದುಡಿಯುತ್ತಿದ್ದರಂತೆ. ಇಲ್ಲಿಂದ ಸ್ವಲ್ಪ ದೂರದಲ್ಲೇ ಬ್ಯಾಟ್ಲಿ ಅಂತ ಊರಿದೆ. ಅಲ್ಲಿ 1813ರಲ್ಲಿ ಬೆಂಜಮಿನ್ ಲಾ ಎಂಬವರು ಹಳೆ ಉಣ್ಣೆ ಚಿಂದಿಯನ್ನು ಹರಿದು ಮತ್ತೆ ಎಳೆ ಮಾಡಿ, ಸ್ವಲ್ಪ ಹೊಸ ಉಣ್ಣೆ ಸೇರಿಸಿ ಬಟ್ಟೆ ನೇಯುವುದನ್ನು ಶುರು ಮಾಡಿದರು. ಅದಕ್ಕೆ ಶಾಡಿ ಅಂತ ಹೆಸರು. ನೇಯಲೂ ಬಾರದ ದೂಳನ್ನು ಕೂಡ ಬಿಸಾಡದೆ ಪಕ್ಕದ ವೇಕ್‌ಫೀಲ್ಡ್ ಕಡೆಯ ರೂಬಾರ್ಬ್ ಎಂಬ ಹುಳಿ ದಂಟಿನ ಬೆಳೆಯ ಹೊಲಕ್ಕೆ ಗೊಬ್ಬರ ಹಾಕುತ್ತಿದ್ದರು. ಆ ಕೆಲಸ ಈಗ ನಮ್ಮ ದೇಶದಲ್ಲಿ ಹರಿಯಾಣದ ಪಾಣಿಪತ್‌ನಲ್ಲಿ ನಡೆಯುತ್ತದೆ. ಹೊರದೇಶದ ಹಳೆ ಸ್ವೆಟರು ಕೋಟುಗಳು ಅಲ್ಲಿಗೆ ಬಂದು, ಗುಂಡಿ ಜಿಪ್ಪು ಕತ್ತರಿಸಿಕೊಂಡು, ಬಣ್ಣ ಬಣ್ಣ ಬೇರೆ ಮಾಡಿಸಿಕೊಂಡು, ನೆರೆ ಭೂಕಂಪ ಬಂದಲ್ಲಿ ಹಂಚುವ ಕಂಬಳಿ ಆಗುತ್ತವೆ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಕೊಟ್ಟುಬಿಟ್ಟ ಬಟ್ಟೆ ಎಲ್ಲಿಗೋ ಹೋಗಿ ಯಾರಿಗೋ ಉಪಯೋಗ ಆಗುತ್ತದೆ ಅಂತ ನಾನೂ ನಂಬಿದ್ದೆ. ಎಲ್ಲ ಹಾಗೆ ಆಗುವುದಿಲ್ಲ. ಇಲ್ಲಿ ಮಾರಾಟವಾಗದೆ ಉಳಿದದ್ದರಲ್ಲಿ ಬಹಳಷ್ಟು ಬೇಲ್ ಕಟ್ಟಿಸಿಕೊಂಡು ಹಡಗು ಹತ್ತುತ್ತದೆ. ಆಫ್ರಿಕಾದ ಘಾನಾ ದೇಶದ ಅಕ್ರಾದಲ್ಲಿ ಕಾಂಟಮಾಂಟೋ ಅಂತ ದೊಡ್ಡ ಹಳೆ ಬಟ್ಟೆ ಮಾರುಕಟ್ಟೆ ಇದೆ, ವಾರಕ್ಕೆ 1.5 ಕೋಟಿ ಬಟ್ಟೆ ಬಂದು ಬೀಳುತ್ತವೆ ಅಂತ ಅಲ್ಲಿ ಕೆಲಸ ಮಾಡುವ ಸಂಸ್ಥೆಯ ಅಂದಾಜು. ಅಲ್ಲಿನ ದರ್ಜಿಗಳು ನಮಗಿಂತ ನೂರು ಪಾಲು ಜಾಣರು, ಬಿಚ್ಚಿ, ಹೊಲಿದು, ಬಣ್ಣ ಹಾಕಿ ಮಾರುತ್ತಾರೆ. 2025ರ ಜನವರಿಯಲ್ಲಿ ಬೆಂಕಿ ಬಿದ್ದು ಆ ಮಾರುಕಟ್ಟೆಯ ಬಹುಪಾಲು ಸುಟ್ಟುಹೋದಾಗ ನನಗೆ ಊಟ ಸೇರಲಿಲ್ಲ. ಆದರೆ ಅವರ ಕೈಯಿಂದಲೂ ಏನೂ ಮಾಡಲಾಗದ ಕಳಪೆ ಬಟ್ಟೆ ಕೊನೆಗೆ ಚರಂಡಿಗೆ, ಸಮುದ್ರದ ದಂಡೆಗೆ ಸೇರುತ್ತದೆ. ನಾನು ಒಂದು ಅಂಗಿಯನ್ನು ಫ್ರಾಕ್ ಮಾಡಿದರೆ ಆ ರಾಶಿ ಕರಗುವುದಿಲ್ಲ, ಗೊತ್ತು. ಆದರೂ ನನ್ನ ಮನೆಗೆ ಬರುವ ಬಟ್ಟೆ ಅಲ್ಲಿಗೆ ಹೋಗದ ಹಾಗೆ ನೋಡಿಕೊಳ್ಳುವುದು ನನ್ನ ಕೈಯಲ್ಲಿದೆ, ಅದನ್ನು ಬಿಡಲು ನನಗೆ ಮನಸ್ಸಿಲ್ಲ.

ಇಲ್ಲಿ ಚರ್ಚಿನ ಹಾಲಿನಲ್ಲಿ ಶನಿವಾರ ಒಂದು ಗುಂಪು ಸೇರುತ್ತದೆ. 2009ರಲ್ಲಿ ಆಮ್ಸ್ಟರ್‌ಡ್ಯಾಮ್‌ನಲ್ಲಿ ಮಾರ್ಟಿನ್ ಪೋಸ್ಟ್ಮಾ ಎಂಬ ಹೆಂಗಸು ರಿಪೇರ್ ಕೆಫೆ ಅಂತ ಶುರು ಮಾಡಿದರಲ್ಲ, ಆ ಥರದ್ದು. ಕೆಟ್ಟ ಮಿಕ್ಸರ್, ಸೈಕಲ್, ಹರಿದ ಕೋಟು ತಂದರೆ ಬಂದವರ ಜೊತೆ ಕೂತು ಸರಿ ಮಾಡಿ ಕೊಡುವುದು. ನಾನು ಹೊಲಿಗೆ ಮೇಜಿನಲ್ಲಿ ಕೂರುತ್ತೇನೆ. ಅಲ್ಲಿಗೆ ಬರುವ ಒಬ್ಬ ಅಜ್ಜಿ ಯುದ್ಧದ ಕಾಲದ ಮಾತು ಹೇಳುತ್ತಾರೆ. ಈ ದೇಶದಲ್ಲಿ 1941ರ ಜೂನ್‌ನಿಂದ 1949ರ ಮಾರ್ಚ್‌ವರೆಗೆ ಬಟ್ಟೆಗೂ ರೇಷನ್ ಇತ್ತು. ಶುರುವಿಗೆ ಒಬ್ಬರಿಗೆ ವರ್ಷಕ್ಕೆ 66 ಕೂಪನ್, ಒಂದು ಉಣ್ಣೆ ಫ್ರಾಕಿಗೇ 11 ಹೋಗುತ್ತಿತ್ತು. ಆ ಅಜ್ಜಿಯ ತಾಯಿ ಕಂಬಳಿಯಿಂದ ಕೋಟು, ಗಂಡನ ಪ್ಯಾಂಟಿನಿಂದ ಲಂಗ ಹೊಲಿದಿದ್ದರಂತೆ. ಸವೆದ ಕಾಲರನ್ನು ಬಿಚ್ಚಿ ತಿರುವಿ ಹಚ್ಚುವುದನ್ನು ಆ ಅಜ್ಜಿ ತೋರಿಸಿದಾಗ, ಅಪ್ಪಾಜಿಯ ಶಾಲೆ ಅಂಗಿಗಳಿಗೆ ನೀನು ಹಾಗೇ ಮಾಡುತ್ತಿದ್ದೆ ಅಂತ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡು "ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು" ಅಂದರು. ತಿಳಿಸಿದ್ದೇನೆ.

ಅದೇ ಗುಂಪಿನಲ್ಲಿ ಇನ್ನೊಬ್ಬರು ಒಂದು ದಿನ ಕವಂದಿ ಹೊಲಿಯುತ್ತಿದ್ದರು! ನಮ್ಮ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಹಳೆ ಬಟ್ಟೆ ತುಂಡಿನಿಂದ ಹೊಲಿಯುವ ಕೌದಿ, ಅದೇ ಕವಂದಿ. ಅವರ ಕೆಲಸವನ್ನು ಹೆನ್ರಿ ಡ್ರೆವಾಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು ಹೊರಗಿನವರಿಗೆ ತೋರಿಸಿದ ಮೇಲೆ ಇಲ್ಲೆಲ್ಲ ಹೊಲಿಗೆಯವರು ಕಲಿಯುತ್ತಿದ್ದಾರೆ. ಒಂದು ಮೂಲೆಯಿಂದ ಶುರು ಮಾಡಿ, ಅಂಚಿನ ಸುತ್ತ ತುಂಡು ಹಚ್ಚುತ್ತಾ ಹಚ್ಚುತ್ತಾ ನಡುವಿಗೆ ಬರುವುದು, ಕೊನೆಗೆ ಮೂಲೆಗಳಿಗೆ ಮಡಚಿದ ಹೂವು. ಆ ಹೂವಿಲ್ಲದಿದ್ದರೆ ಅದು ಪೂರ್ತಿ ಆದ ಹಾಗಲ್ಲ. ಧಾರವಾಡದಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದ ಊರಿನ ಕೆಲಸವನ್ನು ನಾನು ಲೀಡ್ಸಿನಲ್ಲಿ ಒಬ್ಬ ಇಂಗ್ಲಿಷ್ ಹೆಂಗಸಿನ ಕೈಯಲ್ಲಿ ನೋಡಿದೆ ಅವ್ವ. ಖುಷಿಯೂ ಆಯಿತು, ಹೊಟ್ಟೆಯಲ್ಲಿ ಸಂಕಟವೂ ಆಯಿತು. ನಮ್ಮ ಮನೆಯ ಕೌದಿಯನ್ನು ಹೊದ್ದು ಮಲಗಿದ್ದೇನೆಯೇ ಹೊರತು ಹೊಲಿಯಲು ಕೂತಿಲ್ಲ.

ಅದಕ್ಕೇ ಕೇಳುವುದು. ಹಳೆ ಬಟ್ಟೆಗೆ ಸ್ಟೀಲ್ ಡಬ್ಬಿ ಕೊಡುವವರು ಓಣಿಗೆ ಬಂದರೆ ಟ್ರಂಕಿನ ಸೀರೆ ಮಾತ್ರ ಕೊಡಬೇಡ. ಡಬ್ಬಿ ಬೇಕಿದ್ದರೆ ನಾನು ದುಡ್ಡು ಕಳಿಸುತ್ತೇನೆ. ಇಳಕಲ್ ಸೀರೆಯ ಒಡಲು ಹರಿದಿದ್ದರೂ ಸೆರಗು ಗಟ್ಟಿ ಇರುತ್ತದೆ, ಅದನ್ನು ಬೇರೆ ಇಡು. ಗುಳೇದಗುಡ್ಡ ಖಣದ ಹಳೆ ಕುಪ್ಪಸಗಳನ್ನು ಬಿಚ್ಚದೆ ಹಾಗೇ ಇಡು, ಬೆನ್ನಿನ ತುಂಡು ಜೀನ್ಸ್ ಜಾಕೆಟ್ಟಿನ ಬೆನ್ನಿಗೆ ಸರಿಯಾಗಿ ಕೂರುತ್ತದೆ. ಮೆತ್ತಗಾದ ಹತ್ತಿ ಸೀರೆಗಳೆಲ್ಲ ಕೌದಿಗೆ. ಕೌದಿ ಹೊಲಿಯುವ ಕಾಕಿಯನ್ನು ಕೇಳಿ ಇಷ್ಟು ತಿಳಿಸು: ಒಳಗೆ ಎಷ್ಟು ಪದರ ಹಾಕುತ್ತಾರೆ, ಮೊದಲು ಉದ್ದ ಟಾಕಾ ಹಾಕಿ ಹಿಡಿದುಕೊಳ್ಳುತ್ತಾರಾ, ಸಾಲಿಗೂ ಸಾಲಿಗೂ ಎಷ್ಟು ಬೆರಳು ಬಿಡುತ್ತಾರೆ, ದಾರ ಯಾವುದು. ಸುಮ್ನೆ ಬಾಯಲ್ಲಿ ಹೇಳಿಸಬೇಡ, ಅವರ ಕೈ ಕಾಣುವ ಹಾಗೆ ವಿಡಿಯೋ ಮಾಡಲು ತಮ್ಮನಿಗೆ ಹೇಳು. ಕಾಕಿಗೆ ಅವರ ಆ ಹೊತ್ತಿನ ಕೂಲಿ ಕೊಡಿ, ಬೇಡ ಅಂದರೂ ಕೊಡಿ. ಬರುವ ಬೇಸಿಗೆಯಲ್ಲಿ ನಾನು ಬಂದಾಗ ಒಂದನ್ನು ಅವರ ಪಕ್ಕದಲ್ಲೇ ಕೂತು ಪೂರ್ತಿ ಹೊಲಿಯುತ್ತೇನೆ.

ಅಪ್ಪಾಜಿಗೆ ಒಂದು ಒಳ್ಳೆ ಬೂದು ಬಣ್ಣದ ಉಣ್ಣೆ ಕೋಟು ಸಿಕ್ಕಿದೆ, ಒಳಗಿನ ಲೈನಿಂಗ್ ಕೂಡ ಹರಿದಿಲ್ಲ. ತೋಳು ತೆಗೆದು ಜಾಕೀಟು ಮಾಡುತ್ತೇನೆ, ಬೆಳಿಗ್ಗೆ ಕೆಲಗೇರಿ ಕೆರೆ ಕಡೆ ವಾಕಿಂಗ್ ಹೋಗುವಾಗ ಆಗುತ್ತದೆ. ಉದ್ದ, ಎದೆ, ಸೊಂಟ ಎಲ್ಲ ನಾನು ಸರಿ ಮಾಡಿಕೊಳ್ಳಬಲ್ಲೆ, ಭುಜ ಮಾತ್ರ ಆಮೇಲೆ ತಿದ್ದಲು ತುಂಬಾ ಕಷ್ಟ. ಅದಕ್ಕೆ ಅವರನ್ನು ನೆಟ್ಟಗೆ ನಿಲ್ಲಿಸಿ, ಈ ಭುಜದ ಎಲುಬಿನಿಂದ ಆ ಭುಜದ ಎಲುಬಿಗೆ ಟೇಪು ಹಿಡಿದು ಅಳತೆ ಕಳಿಸು. ಹಳೆ ಅಂಗಿಯ ಅಳತೆ ಬೇಡ, ಅವರದ್ದೇ ಬೇಕು.

ಇವರೂ ಚಿನ್ನಿಯೂ ನಮಸ್ಕಾರ ಹೇಳಿದ್ದಾರೆ.

ನಿನ್ನ ಮಗಳು