ಎಷ್ಟು ಕೊಟ್ಟರೂ ಬಡತನ ಹೋಗದೆಂಬ ಮಾತು ನಿಜವಲ್ಲ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ-ಧಾರವಾಡದಲ್ಲಿ ದಾನದ ಪ್ರಸ್ತಾಪ ಬಂದಾಗಲೆಲ್ಲ, ಅದು ನಮ್ಮೂರಿನ ವಿದ್ಯಾರ್ಥಿಗಳ ಶುಲ್ಕಕ್ಕಿರಲಿ, ದೂರದ ಆಫ್ರಿಕದ ಬರಗಾಲಕ್ಕಿರಲಿ, ಓದಿದವರೇ ಆಡುವ ಮಾತೊಂದಿದೆ: ಬಡತನ ಹಿಂದೆಯೂ ಇತ್ತು, ಮುಂದೆಯೂ ಇರುತ್ತದೆ, ಎಷ್ಟು ಕೊಟ್ಟರೂ ಅಷ್ಟೇ. ಈ ಮಾತು ನಿಜವಲ್ಲ. ವಿಶ್ವಬ್ಯಾಂಕ್ ಬಹುಕಾಲ ಬಳಸಿದ ಲೆಕ್ಕದಂತೆ 1990ರಲ್ಲಿ ಜಗತ್ತಿನ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಜನ ಕಡುಬಡತನದಲ್ಲಿದ್ದರು. 2019ರ ಹೊತ್ತಿಗೆ ಆ ಪ್ರಮಾಣ ಹತ್ತನೆಯ ಒಂದು ಭಾಗಕ್ಕಿಂತ ಕೆಳಗಿಳಿದಿತ್ತು. ಈ ಇಳಿಕೆಯ ದೊಡ್ಡ ಪಾಲು ಚೀನಾ, ಭಾರತಗಳಂಥ ದೇಶಗಳ ಜನರ ದುಡಿಮೆಗೆ, ಅಲ್ಲಿನ ಕೃಷಿ-ಕೈಗಾರಿಕೆಗಳ ಬೆಳವಣಿಗೆಗೆ ಸಲ್ಲಬೇಕು. ದಾನವೊಂದರಿಂದಲೇ ಇದಾಯಿತೆಂದು ಹೇಳಿದರೆ ಅದೂ ತಪ್ಪಾಗುತ್ತದೆ.

ಆದರೆ ಮಕ್ಕಳ ಜೀವದ ವಿಷಯದಲ್ಲಿ ದಾನದ ಪಾಲನ್ನು ಯಾರೂ ಅಲ್ಲಗಳೆಯಲಾಗದು. 1990ರಲ್ಲಿ ಜಗತ್ತಿನಾದ್ಯಂತ ಐದು ವರ್ಷದೊಳಗಿನ ಸುಮಾರು 1 ಕೋಟಿ 25 ಲಕ್ಷ ಮಕ್ಕಳು ಸತ್ತರೆ, 2022ರಲ್ಲಿ ಆ ಸಂಖ್ಯೆ ಸುಮಾರು 49 ಲಕ್ಷಕ್ಕೆ ಇಳಿಯಿತು. ಲಸಿಕೆ, ಓಆರ್‌ಎಸ್ ಪುಡಿ, ಔಷಧ ಲೇಪಿಸಿದ ಸೊಳ್ಳೆ ಪರದೆ ಇವೆಲ್ಲ ಅಗ್ಗದ ವಸ್ತುಗಳೇ. ಅವು ಹಳ್ಳಿಹಳ್ಳಿಗೆ ತಲುಪಿದ್ದು ಸರ್ಕಾರಗಳ ಜೊತೆಗೆ ದಾನಿಗಳೂ ನಿಂತದ್ದರಿಂದ. ರೋಟರಿ ಸಂಸ್ಥೆ 1985ರಲ್ಲಿ ಪೋಲಿಯೊ ವಿರುದ್ಧದ ಜಾಗತಿಕ ಅಭಿಯಾನವನ್ನು ಕೈಗೆತ್ತಿಕೊಂಡಾಗ ಭಾರತ ಆ ರೋಗದಿಂದ ಮುಕ್ತವಾದೀತೆಂದು ಎಷ್ಟು ಜನ ನಂಬಿದ್ದರು? 2014ರ ಮಾರ್ಚ್‌ನಲ್ಲಿ ಅದೇ ಆಯಿತು.

ಹೀಗೆ ಮಕ್ಕಳನ್ನು ಉಳಿಸಿದರೆ ಜನಸಂಖ್ಯೆ ಮಿತಿಮೀರಿ ಬಡತನ ಮತ್ತಷ್ಟು ಹೆಚ್ಚುತ್ತದೆಂದು ವಾದಿಸುವವರಿದ್ದಾರೆ. ಇದು ನನಗೆ ಅತ್ಯಂತ ನೋವು ಕೊಡುವ ವಾದ, ಏಕೆಂದರೆ ಅದಕ್ಕೆ ಉತ್ತರ ನಮ್ಮ ಮನೆಗಳಲ್ಲೇ ಇದೆ. ಎಷ್ಟು ಕೂಸು ಉಳಿದಾವೆಂಬ ಭರವಸೆಯಿಲ್ಲದ ಕಾಲದಲ್ಲಿ ನಮ್ಮ ಅಜ್ಜಿಯಂದಿರು ಎಂಟು-ಹತ್ತು ಹೆತ್ತರು. ಹುಟ್ಟಿದ ಮಕ್ಕಳು ಬದುಕುತ್ತಾರೆಂದು ಖಾತ್ರಿಯಾಗಿ, ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದ ಮೇಲೆ ಒಂದೆರಡಕ್ಕೆ ಸಾಕೆಂದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಬಾಂಗ್ಲಾದೇಶದಲ್ಲೂ ಇದೇ ದಾರಿಯಲ್ಲಿ ಜನನ ಪ್ರಮಾಣ ಇಳಿದಿದೆ.

ಶ್ರೀಮಂತ ದೇಶಗಳು ಈಗಾಗಲೇ ಧಾರಾಳವಾಗಿ ಕೊಡುತ್ತಿವೆಯೆಂಬುದೂ ಭ್ರಮೆಯೇ. ರಾಷ್ಟ್ರೀಯ ಆದಾಯದ ಶೇ 0.7ರಷ್ಟನ್ನು ನೆರವಾಗಿ ಕೊಡಬೇಕೆಂದು ವಿಶ್ವಸಂಸ್ಥೆ 1970ರಲ್ಲಿ ಗುರಿ ನಿಗದಿಪಡಿಸಿತು. ಅವೆಲ್ಲ ಸೇರಿ ಇಂದಿಗೂ ಶೇ 0.4ನ್ನು ಮುಟ್ಟಿಲ್ಲ.

ನಮ್ಮ ಭಾಗಕ್ಕೆ ದಾನದ ಬೆಲೆಯನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ನವಲಗುಂದ-ಶಿರಸಂಗಿ ದೇಸಗತಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಬಡಮಕ್ಕಳ ಓದಿಗೆಂದು ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಗದಗಿನ ವೀರೇಶ್ವರ ಪುಣ್ಯಾಶ್ರಮ ಭಕ್ತರ ಕಾಣಿಕೆಯಿಂದಲೇ ಅಂಧ ಮಕ್ಕಳಿಗೆ ಅನ್ನ, ಆಶ್ರಯ, ಸಂಗೀತ ಮೂರನ್ನೂ ಕೊಟ್ಟಿತು. ಇಂದು ದಾನವೇನೋ ಹರಿದುಬರುತ್ತಿದೆ, ಆದರೆ ಅದರ ಬಹುಪಾಲು ದಾನಿಗಳ ಹೆಸರು ಕೆತ್ತಿದ ಮಹಾದ್ವಾರಗಳಿಗೂ ಸಮಾರಂಭಗಳಿಗೂ ಹೋಗುತ್ತಿದೆಯೆಂಬುದು ನನ್ನ ಅನಿಸಿಕೆ. ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಐದು ವರ್ಷದೊಳಗಿನ ಮೂರು ಮಕ್ಕಳಲ್ಲಿ ಒಂದು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ಆ ಹಣ ಸೇರಬೇಕಾದದ್ದು ಆ ಮಕ್ಕಳ ಊಟದ ತಟ್ಟೆಗೆ ಮತ್ತು ಅವರನ್ನು ಹೆತ್ತ ತಾಯಂದಿರ ಆರೈಕೆಗೆ.

ಆದ್ದರಿಂದ ನಮ್ಮ ಮಠ-ಮಂದಿರಗಳ ಸಮಿತಿಗಳೂ, ಸಾಮಾಜಿಕ ಹೊಣೆಗಾರಿಕೆಯ ನಿಧಿಯನ್ನು ಖರ್ಚು ಮಾಡುವ ಕಂಪನಿಗಳೂ ಪ್ರತಿ ವರ್ಷ ಎಷ್ಟು ಮಕ್ಕಳಿಗೆ ಏನು ಒದಗಿತೆಂಬ ಲೆಕ್ಕವನ್ನು ಸಾರ್ವಜನಿಕರ ಮುಂದಿಡಬೇಕು. ತಮ್ಮ ಪತ್ರಿಕೆಯೂ ದೇಣಿಗೆಯ ಚೆಕ್ ಹಸ್ತಾಂತರದ ಫೋಟೊ ಪ್ರಕಟಿಸಿದ ಒಂದು ವರ್ಷದ ನಂತರ ಆ ಹಣದಿಂದ ಏನಾಯಿತೆಂಬುದನ್ನು ವರದಿ ಮಾಡಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಶಿಕ್ಷಕ, ಸಪ್ತಾಪುರ, ಧಾರವಾಡ