ಸುಂಕ ವಿನಾಯಿತಿ ಸಣ್ಣ ಘಟಕಗಳ ಕೈಗೂ ಸಿಗಲಿ

ಮಾನ್ಯ ಸಂಪಾದಕರೇ,

ಮುಕ್ತ ವ್ಯಾಪಾರ ಒಪ್ಪಂದದ ಮಾತೆತ್ತಿದರೆ ಮೈಸೂರು, ಮಂಡ್ಯ ಭಾಗದವರಿಗೆ ಮೊದಲು ನೆನಪಾಗುವುದು ಹಾಲು ಮತ್ತು ರೇಷ್ಮೆ. ನ್ಯೂಜಿಲೆಂಡಿನ ಹಾಲಿನ ಪುಡಿ ಸುಂಕವಿಲ್ಲದೆ ಬಂದುಬಿಡುತ್ತದೆಂದು 2019ರಲ್ಲಿ ಏಷ್ಯಾ–ಪೆಸಿಫಿಕ್ ದೇಶಗಳ ಆರ್‌ಸಿಇಪಿ ವ್ಯಾಪಾರ ಒಪ್ಪಂದದ ವಿರುದ್ಧ ಹೈನುಗಾರರು ಬೀದಿಗಿಳಿದದ್ದನ್ನೂ, 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ 5ಕ್ಕೆ ಇಳಿದಾಗ ಬೆಳೆಗಾರರು ಕಂಗಾಲಾದದ್ದನ್ನೂ ಇಲ್ಲಿ ಯಾರೂ ಮರೆತಿಲ್ಲ. (ಎರಡನೆಯದು ಒಪ್ಪಂದದ ಫಲವಲ್ಲ, ಕೇಂದ್ರ ತಾನಾಗಿಯೇ ಮಾಡಿದ್ದು.) ಆ ಆತಂಕ ನ್ಯಾಯವಾದದ್ದೇ. ಆದರೆ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಹನ್ನೊಂದು ಜನರ ಸಣ್ಣ ಘಟಕ ನಡೆಸುತ್ತಿರುವ ನನ್ನ ಕೊರಗು ಬೇರೆ: ನೆರೆಯ ದೇಶಗಳೊಂದಿಗೆ ಆಗಿರುವ ಒಪ್ಪಂದಗಳ ಲಾಭ ನಮ್ಮಂಥವರವರೆಗೆ ಬರುತ್ತಲೇ ಇಲ್ಲ.

ಕೆಲವು ವರ್ಷಗಳ ಹಿಂದೆ ಕೊಲಂಬೊದ ವ್ಯಾಪಾರಿಯೊಬ್ಬರು ನಮ್ಮಿಂದ ಹಿತ್ತಾಳೆ ಬುಷ್‌ಗಳನ್ನು (ಯಂತ್ರದ ಶಾಫ್ಟಿಗೆ ಕೂರಿಸುವ ಕೊಳವೆಯಂಥ ಬಿಡಿಭಾಗ) ತರಿಸಿಕೊಂಡರು. ಭಾರತ–ಶ್ರೀಲಂಕಾ ಒಪ್ಪಂದ 2000ದಿಂದಲೇ ಜಾರಿಯಲ್ಲಿದ್ದರೂ, ಸರಕು ಇಲ್ಲಿಯೇ ತಯಾರಾದದ್ದೆಂಬ ಮೂಲ ಪ್ರಮಾಣಪತ್ರ ಇಲ್ಲದೆ ಅದರ ರಿಯಾಯಿತಿ ಸಿಗುವುದಿಲ್ಲ. ಪತ್ರವನ್ನೇನೋ ಪಡೆದೆವು. ಆದರೆ ಇನ್‌ವಾಯ್ಸಿನಲ್ಲಿ ಬುಷ್‌ಗೆ ವಾಹನ ಬಿಡಿಭಾಗದ ಎಚ್‌ಎಸ್ ಕೋಡ್ (ಸುಂಕಕ್ಕಾಗಿ ಸರಕುಗಳನ್ನು ವಿಂಗಡಿಸುವ ಸಂಖ್ಯೆ) ಬರೆದು, ಅರ್ಜಿಯಲ್ಲಿ ಬೇರಿಂಗ್ ವರ್ಗದ ಕೋಡ್ ಹಾಕಿದ್ದೆವು. ತಪ್ಪು ನಮ್ಮದೇ. ಎರಡೂ ತಾಳೆಯಾಗದೆ ಅವರು ಪೂರ್ತಿ ಸುಂಕ ಕಟ್ಟಿ ಸರಕು ಬಿಡಿಸಿಕೊಂಡರು, ಮತ್ತೆ ನಮ್ಮ ಕಡೆ ಬರಲಿಲ್ಲ. ಆ ಆರ್ಡರ್ ಮುಂದುವರಿದಿದ್ದರೆ ಎರಡನೇ ಪಾಳಿ ಆರಂಭಿಸಿ, ಆಗಷ್ಟೇ ಅಪ್ರೆಂಟಿಸ್ ಮುಗಿಸಿದ್ದ ಇಬ್ಬರು ಟರ್ನರ್ ಹುಡುಗರನ್ನು ಉಳಿಸಿಕೊಳ್ಳುವ ಯೋಚನೆ ನನಗಿತ್ತು. ದೊಡ್ಡ ಕಾರ್ಖಾನೆಗಳಲ್ಲಿ ಈ ಕಾಗದಪತ್ರಕ್ಕೆಂದೇ ಜನರಿರುತ್ತಾರೆ. ನಮ್ಮಲ್ಲಿ ಬಿಲ್ ಬರೆಯುವವನೇ ಸ್ಟೋರ್ಸ್ ನೋಡಿಕೊಳ್ಳುತ್ತಾನೆ.

ಹಾಗೆಂದು, ಸರಕು ಯಾವ ದೇಶದ್ದೆಂದು ತೀರ್ಮಾನಿಸುವ ಮೂಲದ ನಿಯಮವನ್ನೇ ಸಡಿಲಿಸಿ ಎಂದು ನಾನು ಕೇಳುವುದಿಲ್ಲ. ಹೊರಗಿನ ಕಚ್ಚಾ ಮಾಲು ಬಳಸಿದರೆ ಕನಿಷ್ಠ ಶೇ 35ರಷ್ಟು ಮೌಲ್ಯವರ್ಧನೆ ಸ್ವದೇಶದಲ್ಲಿ ಆಗಿರಬೇಕೆಂದು ಆ ಒಪ್ಪಂದ ಹೇಳುವುದರಿಂದಲೇ ಉದ್ಯೋಗ ಹುಟ್ಟುತ್ತದೆ. ನಿಯಮವನ್ನು ಕಾಯದಿದ್ದರೆ ಏನಾಗುತ್ತದೆಂಬುದನ್ನು ಪಕ್ಕದ ಕೊಡಗಿನವರನ್ನು ಕೇಳಬೇಕು. ವಿಯೆಟ್ನಾಂನ ಕಾಳುಮೆಣಸು ಶ್ರೀಲಂಕಾದ ಹೆಸರಿನಲ್ಲಿ ಒಳಬರುತ್ತಿದೆಯೆಂದು ಬೆಳೆಗಾರರು ದೂರಿ ದೂರಿ, ಕೊನೆಗೆ 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಬೇಕಾಯಿತು.

ಆಫ್ರಿಕಾ ಇದೇ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿತ್ತು. ಅಲ್ಲಿನ 54 ದೇಶಗಳು ಸಹಿ ಹಾಕಿದ ಖಂಡವ್ಯಾಪಿ ಮುಕ್ತ ವ್ಯಾಪಾರ ಒಪ್ಪಂದದಡಿ 2021ರ ಜನವರಿ 1ರಿಂದ ವಹಿವಾಟಿಗೆ ಚಾಲನೆ ಸಿಕ್ಕರೂ, ಉಡುಪು ಮತ್ತು ಮೋಟಾರು ವಾಹನಗಳ ಮೂಲದ ನಿಯಮ ವರ್ಷಗಟ್ಟಲೆ ಇತ್ಯರ್ಥವಾಗದೆ ಉಳಿಯಿತು. ಹೊರಗಿನ ಬಟ್ಟೆ ತಂದು ಆಫ್ರಿಕಾದಲ್ಲಿ ಹೊಲಿದರೆ ಸಾಕೇ, ನೂಲೂ ಅಲ್ಲಿಯದೇ ಆಗಬೇಕೇ? ಸಾಕೆಂದರೆ ಹೊಲಿಗೆ ಕೆಲಸ ಬೇಗ ಬರುತ್ತದೆ, ನೂಲಿನ ಗಿರಣಿ ಬರುವುದಿಲ್ಲ. ಬೇಕೇಬೇಕೆಂದರೆ ಗಿರಣಿ ಏಳುವವರೆಗೆ ಹೊಲಿಯುವವರಿಗೂ ಕೆಲಸವಿಲ್ಲ. ಯುವಕರು ಹೆಚ್ಚಾಗಿರುವ ಖಂಡಕ್ಕೆ ಇದು ಗುಮಾಸ್ತರು ತೀರ್ಮಾನಿಸಿ ಮುಗಿಸುವ ವಿಷಯವಲ್ಲ.

ನಮ್ಮ ದಕ್ಷಿಣ ಏಷ್ಯಾದ ದೇಶಗಳ ಒಟ್ಟು ವ್ಯಾಪಾರದಲ್ಲಿ ಪರಸ್ಪರ ವ್ಯಾಪಾರದ ಪಾಲು ಸುಮಾರು ಶೇ 5 ಮಾತ್ರ, ಆಗ್ನೇಯ ಏಷ್ಯಾದ ಆಸಿಯಾನ್ ಕೂಟದ ದೇಶಗಳಲ್ಲಿ ಅದು ಶೇ 25ರ ಆಸುಪಾಸು. ಇದಕ್ಕೆ ರಾಜಕೀಯ ಕಾರಣಗಳೇ ಬಹಳ. ಅವು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿ ಆಗುವ ಕೆಲಸವೊಂದಿದೆ. ಮೂಲ ಪ್ರಮಾಣಪತ್ರಕ್ಕೆ ಈಗ ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದಾದರೂ, ಸರಿಯಾದ ಕೋಡ್ ಹುಡುಕಿ, ವೆಚ್ಚದ ಲೆಕ್ಕ ಕಟ್ಟಿ ಮೌಲ್ಯವರ್ಧನೆ ತೋರಿಸಲು ತಿಳಿದವರ ನೆರವು ಬೇಕೇ ಬೇಕು. ಮೈಸೂರು ಮತ್ತು ಮಂಡ್ಯದ ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ವಾರಕ್ಕೊಂದು ದಿನ ಇದನ್ನು ಬಲ್ಲ ಒಬ್ಬರನ್ನು ಕೂರಿಸಿ, ಹೆಬ್ಬಾಳ, ನಂಜನಗೂಡು, ತೂಬಿನಕೆರೆಯ ಘಟಕಗಳಿಗೆ ಮುಂಚಿತವಾಗಿ ದಿನ ತಿಳಿಸುವಂತೆ ಸಂಬಂಧಪಟ್ಟ ಇಲಾಖೆ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ.

— ಸಣ್ಣ ಕೈಗಾರಿಕಾ ಘಟಕವೊಂದರ ಮಾಲೀಕ, ಹೆಬ್ಬಾಳ, ಮೈಸೂರು